ಅಮ್ಮನ ಶ್ರುತಿಗೊಂದು ಸೌಂಡ್ ಕಾರ್ಡ್

೧೯೯೨ರ ನವರಾತ್ರಿಗೆ ವಿಕ್ರೋಳಿಯ ಕಾಲನಿಯ ಸಭಾಂಗಣದಲ್ಲಿ ಅಮ್ಮ ಹಾಡುವುದೆಂದು ನಿಶ್ಚಯವಾಗಿತ್ತು. ಮೈಸೂರು ಬಿಟ್ಟು ಬೊರಿವಲಿಗೆ ಬಂದ ಮೇಲೆ ಅವಳಿಗೆ ಸಿಕ್ಕಿದ ಮೊದಲ ವೇದಿಕೆ ಅದು. ಅದೇ ಹೊತ್ತಿಗೆ ಶ್ರುತಿ ಪೆಟ್ಟಿಗೆಯ ತಿದಿ ಹರಿಯಿತು. ದಾದರಿನ ರಿಪೇರಿಯವನ ಬಳಿ ಊರಿನ ಭಜನಾ ಮಂಡಳಿಗಳ ಹಾರ್ಮೋನಿಯಮ್‌ಗಳೆಲ್ಲ ಸಾಲುಗಟ್ಟಿದ್ದವು. ಹಬ್ಬ ಮುಗಿದ ಮೇಲೆ ಬನ್ನಿ ಎಂದ. ಶ್ರುತಿಯಿಲ್ಲದೆ ಹಾಡುವುದಿಲ್ಲ, ಬೇರೆಯವರಿಗೆ ಹೇಳಿಬಿಡಿ ಎಂದು ಅಮ್ಮ ಅಪ್ಪನಿಗೆ ಹೇಳಿದಳು.

ಕಂಪ್ಯೂಟರಿನಲ್ಲಿ ಶ್ರುತಿ ಹಿಡಿಸುತ್ತೇನೆಂದು ನಾನು ಮುಂದೆ ಬಂದೆ. ಕಾಲೇಜಿನ ಕೊನೆಯ ವರ್ಷ; ಮನೆಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಅದರೊಳಗೇ ಒಂದು ಪುಟ್ಟ ಸ್ಪೀಕರ್ ಇತ್ತು. ಡೈರಿಯಲ್ಲಿ ಗೆರೆ ಎಳೆದು ಒಂದು ಕಡೆ ಒಳಗಿನ ಸ್ಪೀಕರ್, ಇನ್ನೊಂದು ಕಡೆ ಹೊರಗಿನಿಂದ ತರಬೇಕಾದ ಸೌಂಡ್ ಕಾರ್ಡ್ ಎಂದು ಬರೆದುಕೊಂಡೆ. ಇರುವುದರಲ್ಲೇ ಆದರೆ ಒಳ್ಳೆಯದೆಂದು ಮೊದಲು ಒಳಗಿನದನ್ನೇ ಪರೀಕ್ಷಿಸಿದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು. ಶ್ರುತಿಗೆ ಷಡ್ಜವೂ ಪಂಚಮವೂ ಒಟ್ಟಿಗೆ ಬೇಕು. ಎರಡನ್ನೂ ಬೇಗಬೇಗ ಅದಲುಬದಲು ಮಾಡಿದರೆ ಕಿವಿ ಮೋಸಹೋಗುತ್ತದೆಂದು ಲೆಕ್ಕ ಹಾಕಿ, ಹಾಗೇ ಪ್ರೋಗ್ರಾಮ್ ಬರೆದು ಅಮ್ಮನನ್ನು ಕೂರಿಸಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು.

"ಇದು ಶ್ರುತಿ ಅಲ್ಲ ಕಣೋ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗಿದೆ."

ಆಫೀಸಿನಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಲೇ, ಕುಕ್ಕರಿನ ಗ್ಯಾಸ್ಕೆಟ್ ಹೋಯಿತೇ ಎಂದು ಕೇಳಿದರು. ಸಂಗತಿ ತಿಳಿದ ಮೇಲೆ, ಶನಿವಾರ ಅವರೇ ನನ್ನನ್ನು ಸೌಂಡ್ ಕಾರ್ಡ್ ಕೊಳ್ಳಲು ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದರು. ಇದರಲ್ಲಿ ಯಾವ ಗೇಮ್ ಆಡುತ್ತೀರಿ ಎಂದು ಅಂಗಡಿಯವನು ಹಿಂದಿಯಲ್ಲಿ ವಿಚಾರಿಸಿದ. ಅಪ್ಪ ಗಂಭೀರವಾಗಿ, "ಕರ್ನಾಟಕ್ ಸಂಗೀತ್" ಎಂದರು. ಅದು ಹೊಸದಾಗಿ ಬಂದಿರಬೇಕು, ತಾನಿನ್ನೂ ನೋಡಿಲ್ಲ ಎಂದ ಅವನು.

ಕಾರ್ಡ್ ಕೂರಿಸಿದ ಸಂಜೆ ಎರಡು ಸ್ವರಗಳೂ ಒಟ್ಟಿಗೆ ಬಂದವು. ಅಮ್ಮ 'ಇನ್ನೊಂಚೂರು ಮೇಲೆ' ಎಂದ ಹಾಗೆಲ್ಲ ನಾನು ಪ್ರೋಗ್ರಾಮಿನಲ್ಲಿ ಸ್ವರದ ಅಂಕಿ ಏರಿಸುತ್ತ ಹೋದೆ. ಅವಳ ಶ್ರುತಿ ಸಿಕ್ಕಿದ ಮೇಲೆ ಕಾರ್ಡಿನಿಂದ ಟೇಪ್ ರೆಕಾರ್ಡರಿಗೆ ವೈರು ಎಳೆದು ಕ್ಯಾಸೆಟಿನ ಒಂದು ಬದಿ ಪೂರ್ತಿ ತುಂಬಿಸಿದೆ. ಆ ವಾರವೆಲ್ಲ ಅವಳು ಅದರ ಜೊತೆಗೇ ಅಭ್ಯಾಸ ಮಾಡಿದಳು.

ಕಾರ್ಯಕ್ರಮದ ದಿನ ಕ್ಯಾಸೆಟನ್ನು ಸಭಾಂಗಣದ ಮೈಕಿನವನಿಗೆ ಕೊಟ್ಟೆ. ಅವನ ಯಂತ್ರ ನಮ್ಮದಕ್ಕಿಂತ ನಿಧಾನವಾಗಿ ಓಡುತ್ತಿತ್ತು. ಎಲ್ಲ ಟೇಪ್ ರೆಕಾರ್ಡರುಗಳೂ ಒಂದೇ ವೇಗದಲ್ಲಿ ಓಡುತ್ತವೆ ಎಂದು ನಂಬಿದ್ದೆ. ಪರೀಕ್ಷೆ ಮಾಡದೆ ಬಿಟ್ಟದ್ದು ಅದೊಂದನ್ನೇ. ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಕೆಳಗಿಳಿದಿತ್ತು. ಇನ್ನು ಅಮ್ಮ ಎದ್ದು ಬರುತ್ತಾಳೆಂದು ನಾನು ವೇದಿಕೆಯ ಮೆಟ್ಟಿಲ ತನಕ ಓಡಿದೆ.

ಅವಳು ನನ್ನನ್ನು ನೋಡಿದಳು. ಮೈಕಿನವನ ಕಡೆ ನೋಡಿದಳು. ತೊಡೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಆ ಶ್ರುತಿಗೇ ಸೇರಿಸಿ ಹಾಡತೊಡಗಿದಳು. ಮನೆಯಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ಅವಳ ಕಂಠ ಎಳೆಯಾಗಿ, ಕೊರಳ ನರ ಉಬ್ಬುತ್ತಿತ್ತು. ಇಲ್ಲಿ ಸಲೀಸಾಗಿ ಹೋಗಿ ನಿಂತಿತು. ಹಾಗೆ ನಿಂತದ್ದು ಅವಳಿಗೇ ಆಶ್ಚರ್ಯವಾಗಿರಬೇಕು, ಮತ್ತೊಮ್ಮೆ ಹೋಗಿ ನಿಂತಳು. ಎರಡು ಹಾಡಿಗೆಂದು ಕರೆದಿದ್ದರು. ಅಮ್ಮ ನಾಲ್ಕು ಹಾಡಿದಳು.

ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ಅಪ್ಪ, ಟೇಪು ಕೈಕೊಟ್ಟಿತಲ್ಲ ಎಂದು ಮೆಲ್ಲಗೆ ಮಾತು ತೆಗೆದರು.

"ಕೈ ಎಲ್ಲಿ ಕೊಡ್ತೂರೀ. ನಮ್ಮ ಮೇಷ್ಟ್ರು ಹದಿನಾರನೇ ವಯಸ್ಸಲ್ಲಿ ಕೊಟ್ಟ ಶ್ರುತೀಲೇ ಇನ್ನೂ ಹಾಡ್ತಿದ್ದೆ. ನಂಗೆ ನಲವತ್ತಾಯ್ತು ಅಂತ ಆ ಮಿಷಿನ್ನಿಗೆ ಗೊತ್ತಿತ್ತು."

ಮರುದಿನ ಬೆಳಿಗ್ಗೆ ತಿಂಡಿಗೂ ಮುಂಚೆ ಅವಳು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅವಳು ಹಾಡುವುದು, ನಾನು ಅಂಕಿ ಇಳಿಸುವುದು. ಸರಿಯಾದ ಜಾಗ ಸಿಕ್ಕಾಗ ಅವಳು ಹಾಡು ನಿಲ್ಲಿಸಲಿಲ್ಲ; ಇಲ್ಲೇ ಇರಲಿ ಎಂಬಂತೆ ನನ್ನ ಕೈ ಹಿಡಿದುಕೊಂಡಳು.