ಮೂರು ನಿಮಿಷದ ಇಂಗ್ಲಿಷ್

ಇಂಗ್ಲಿಷ್ ಶಿಕ್ಷಕರನ್ನು ಉದ್ಧಾರ ಮಾಡಲು ಹೊರಟವರ ಜೊತೆ ನಾನೂ ಕೆಲವು ಕಾಲ ತಿರುಗಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ಯಾರಾದರೂ ಉದ್ಧಾರ ಮಾಡುತ್ತೇವೆ ಎಂದು ಬಂದರೆ ಶಾಲೆಯ ಗೇಟು ಹಾಕಿಕೊಳ್ಳುವುದು ಒಳ್ಳೆಯದು.

ನಾನು ದಾವಣಗೆರೆಯ ವಿದ್ಯಾನಗರದವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದ ನನ್ನನ್ನು ಇಲಾಖೆಯವರು ಒಂದು ಟ್ರಸ್ಟಿನ ಕೆಲಸಕ್ಕೆ ಎರವಲು ಕೊಟ್ಟರು. ಸೌಲಭ್ಯವಿಲ್ಲದ ಶಾಲೆಗಳಿಗೆ ಹೋಗಿ ಅಲ್ಲಿನ ಇಂಗ್ಲಿಷ್ ಶಿಕ್ಷಕರಿಗೆ ಬೆಂಬಲ ಕೊಡಬೇಕು, ಅಷ್ಟೆ. ಬೆಂಬಲ ಕೊಡುವುದು ಹೇಗೆ ಎಂದು ನಮಗೆ ಮೊದಲು ತರಬೇತಿ ಕೊಟ್ಟರು, ಎ.ಸಿ. ಹಾಕಿದ ಹೋಟೆಲಿನ ಸಭಾಂಗಣದಲ್ಲಿ. ಬೆಂಚಿಲ್ಲದ, ಸುಣ್ಣ ಉದುರಿದ ಕೊಠಡಿಯೊಂದರ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಇದಕ್ಕೆ ‘ಚಾಲೆಂಜಿಂಗ್ ಕ್ಲಾಸ್‌ರೂಮ್’ ಎನ್ನುತ್ತಾರೆ ಎಂದರು. ನಾವು ಅದಕ್ಕೆ ಶಾಲೆ ಎನ್ನುತ್ತಿದ್ದೆವು. ಮಧ್ಯಾಹ್ನದ ಊಟ ಮಾತ್ರ ಭರ್ಜರಿಯಾಗಿತ್ತು, ಸಿಹಿಯೇ ಎರಡು ಬಗೆ. ಊಟದ ನಂತರ ಸಂಪನ್ಮೂಲದ ಕೊರತೆಯ ಬಗ್ಗೆ ಚರ್ಚೆ ನಡೆಯಿತು, ಅರ್ಧ ಸಭೆ ತೂಕಡಿಸುತ್ತಿತ್ತು.

ಟ್ರಸ್ಟಿನ ನಮ್ಮ ಭಾಗದ ಅಧಿಕಾರಿ ನಮ್ಮೂರಿನವನೇ, ನನಗಿಂತ ಎಷ್ಟೋ ಕಿರಿಯ. ಬೆಣ್ಣೆದೋಸೆ ತಿನ್ನುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಅವನ ಬಾಯಿಂದ ಕನ್ನಡ ಬರುತ್ತಿರಲಿಲ್ಲ. ಅವನು ಒಂದು ನಿಯಮ ತಂದ. ಶಾಲೆಗೆ ಹೋದಾಗಲೆಲ್ಲ ಮೂರು ನಿಮಿಷದ ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಅದರಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಒಂದು ಮಾತೂ ಕೇಳಿಸಬಾರದು. ಕೇಳಿಸಿದರೆ ವಿಡಿಯೊ ವಾಪಸ್.

ನಮ್ಮ ಮೇಷ್ಟರುಗಳೇನು ಕಡಿಮೆಯೇ? ಹರಿಹರ ತಾಲ್ಲೂಕಿನ ಕೊಕ್ಕನೂರಿನ ಕಡೆಯಿಂದ ಸಾರಥಿ ಊರಿನ ಕಡೆಯವರೆಗೆ ಎಲ್ಲ ಶಾಲೆಗಳಲ್ಲೂ ಮಕ್ಕಳು ‘ದಿಸ್ ಈಸ್ ಮೈ ನೋಸ್’ ಎಂದು ಮೂಗು ಮುಟ್ಟಿಕೊಳ್ಳತೊಡಗಿದರು. ಒಂದು ಕಡೆ ಮೀಸೆ ಚಿಗುರಿದ ಎಂಟನೇ ಕ್ಲಾಸಿನವರೂ ಮುಟ್ಟಿಕೊಂಡರು. ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರಗಳೋ ಚಿತ್ರಗಳು. ಇಡೀ ತಾಲ್ಲೂಕಿಗೆ ಮೂಗು ಇದೆ ಎಂದು ಸಾಬೀತಾಯಿತು.

ಹರಿಹರದ ಒಂದು ಸರ್ಕಾರಿ ಉರ್ದು ಶಾಲೆ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ಅತಿಥಿ ಶಿಕ್ಷಕಿ. ಮಾರ್ಚಿಗೆ ಕೆಲಸ ಮುಗಿಯುತ್ತದೆ, ಜೂನ್‌ನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಅವಳ ದುಡಿಮೆಯಿಂದಲೇ ಒಲೆ ಉರಿಯಬೇಕಿತ್ತು. ಹೆಡ್ ಮಾಸ್ತರು ಅವಳೆದುರಿಗೇ ನನಗೆ ಹೇಳಿದ್ದರು: “ಟ್ರಸ್ಟಿನೋರು ಚಲೋ ಐತೆ ಅಂದ್ರೆ ಜೂನ್‌ಗೆ ಇವರ್ನೇ ಕರಿಯಾನ ರಿ. ಇಲ್ಲಾಂದ್ರೆ ನನ್ ಕೈಯಾಗೆ ಏನೂ ಇಲ್ಲ.”

ಒಂದೇ ಕೊಠಡಿಯಲ್ಲಿ ನಾಲ್ಕನೇ, ಐದನೇ ತರಗತಿ. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಕ್ಲಾಸು ಸಂತೆಯ ಹಾಗಿರುತ್ತಿತ್ತು. ಬಂದವಳೇ “ಕಲ್ ಘರ್ ಮೆ ಕ್ಯಾ ಹುವಾ, ಬೋಲೊ” ಎನ್ನುವಳು, ನಿನ್ನೆ ಮನೆಯಲ್ಲಿ ಏನಾಯಿತು ಹೇಳಿ ಎಂದು. ಮಕ್ಕಳು ಉರ್ದುವಿನಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದದ್ದರಲ್ಲಿ ಕೂಗುವರು. ಯಾರದೋ ಮೇಕೆ ಮರಿ ಹಾಕಿದ್ದನ್ನು ಬೋರ್ಡಿನ ಮೇಲೆ ಒಂದು ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಬರೆಯುವಳು. ಮೇಕೆಯ ಯಜಮಾನ ಎದ್ದು ಬಂದು ಅದನ್ನು ಓದುವನು. ತನ್ನ ಮೇಕೆಯ ವಿಷಯವಾದ್ದರಿಂದ ಮರೆಯುತ್ತಿರಲಿಲ್ಲ. ಮರುದಿನ ಅವನೇ ಅರೆಬರೆ ಇಂಗ್ಲಿಷಿನಲ್ಲಿ ಮರಿಯ ಯೋಗಕ್ಷೇಮ ಹೇಳುವನು. ನನಗೆ ಆ ಕೊಠಡಿ ಬಹಳ ಇಷ್ಟವಾಗಿತ್ತು. ಅಲ್ಲಿ ನಾನು ಕೊಡಬೇಕಾದ ಬೆಂಬಲ ಏನಾದರೂ ಇದ್ದರೆ ಅದು ಯಾರೂ ಒಳಗೆ ಬರದಂತೆ ಬಾಗಿಲಲ್ಲಿ ನಿಲ್ಲುವುದಾಗಿತ್ತು.

ಆ ಕ್ಲಾಸಿನಲ್ಲಿ ಮೂರು ನಿಮಿಷ ಶುದ್ಧ ಇಂಗ್ಲಿಷ್ ಸಿಗುವುದು ಸಾಧ್ಯವಿರಲಿಲ್ಲ. ನನ್ನ ವಿಡಿಯೊಗಳು ಒಂದರ ಮೇಲೊಂದು ವಾಪಸ್ ಬಂದವು. ಕೊನೆಗೆ ಅಧಿಕಾರಿ ತಾನೇ ಕ್ಯಾಮೆರಾ ಹಿಡಿದುಕೊಂಡು ಹರಿಹರಕ್ಕೆ ಬಂದ.

ಹೆಡ್ ಮಾಸ್ತರು ಅಲ್ಮೇರಾದ ಬೀಗ ತೆಗೆದು ಟ್ರಸ್ಟು ಕೊಟ್ಟಿದ್ದ ಇಂಗ್ಲಿಷ್ ಕಿಟ್ ಹೊರಗಿಟ್ಟರು. ಬಂದ ದಿನದಿಂದ ಅದರ ಪ್ಲಾಸ್ಟಿಕ್ ಕವರು ಹರಿದಿರಲಿಲ್ಲ. ಚಿತ್ರದ ಕಾರ್ಡನ್ನು ಕವರಿನ ಸಮೇತ ಎತ್ತಿ ಹಿಡಿದರೆ ಕ್ಯಾಮೆರಾಕ್ಕೆ ಬರೀ ಹೊಳಪು ಕಾಣುತ್ತಿತ್ತು.

“ರಿಮೂವ್ ದ ಕವರ್” ಎಂದ ಅಧಿಕಾರಿ.

“ಬ್ಯಾಡ್ರಿ ಸರ, ಸ್ಟಾಕ್ ನೋಡಾಕ ಬಂದ್ರೆ ಹೊಸಾದು ತೋರಿಸ್ಬೇಕು” ಎಂದರು ಹೆಡ್ ಮಾಸ್ತರು.

ಇಬ್ಬರೂ ಈ ವಿಷಯವಾಗಿ ಸಾಕಷ್ಟು ಹೊತ್ತು ಗಂಭೀರವಾಗಿ ಮಾತಾಡಿದರು. ಕಡೆಗೆ ಒಂದೇ ಒಂದು ಕಾರ್ಡನ್ನು ಕವರಿನಿಂದ ಹೊರಗೆಳೆಯಲು ಅಪ್ಪಣೆಯಾಯಿತು. ಟೈ ಕಟ್ಟಿದ ಅಪ್ಪ ಮೇಜಿನ ಮುಂದೆ ಪೇಪರ್ ಓದುತ್ತಿದ್ದಾನೆ, ಅಮ್ಮ ಗಾಜಿನ ಜಗ್ಗಿನಿಂದ ಹಾಲು ಬಗ್ಗಿಸುತ್ತಿದ್ದಾಳೆ. ಹರಿಹರದಲ್ಲಿ ಆ ಸಂಸಾರವನ್ನು ಯಾರೂ ಕಂಡವರಿಲ್ಲ.

ಶಿಕ್ಷಕಿ ಬೆವರು ಒರೆಸಿಕೊಂಡು, ಅಪ್ಪ ಏನು ಮಾಡುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸದ್ದೇ ಇಲ್ಲ. ಬಾಯಿಬಡುಕರೆಲ್ಲ ಕ್ಯಾಮೆರಾ ನೋಡುತ್ತ ಕೂತಿದ್ದರು. ಆಗ ಬಾಗಿಲ ಬಳಿ ಕೂರುತ್ತಿದ್ದ ಹುಡುಗಿಯೊಬ್ಬಳು ಎದ್ದಳು. ವರ್ಷವೆಲ್ಲ ಒಂದಕ್ಷರ ಇಂಗ್ಲಿಷ್ ಆಡದವಳು. ಅವಳ ಅಪ್ಪನದು ಪಂಕ್ಚರ್ ಹಾಕುವ ಅಂಗಡಿ.

“ಟುಡೇ ಅಬ್ಬಾ ಫೀವರ್” ಎಂದಳು. “ಅಬ್ಬಾ ಸ್ಲೀಪ್. ಅಮ್ಮಿ ಓಪನ್ ಶಾಪ್. ಅಮ್ಮಿ ಡೂ ಪಂಕ್ಚರ್.” ಇನ್ನೂ ಹೇಳುವುದಿತ್ತು, ಇಂಗ್ಲಿಷ್ ಮುಗಿದುಹೋಯಿತು. “ಅಮ್ಮಿ ಕು ಸಬ್ ಆತಾ!” ಎಂದು ಹೆಮ್ಮೆಯಿಂದ ಕೂಗಿಬಿಟ್ಟಳು. ಅಮ್ಮನಿಗೆ ಎಲ್ಲ ಬರುತ್ತದೆ ಅಂತ.

ನನ್ನ ಕಣ್ಣು ತುಂಬಿ ಬಂತು.

“ಕಟ್” ಎಂದ ಅಧಿಕಾರಿ.

ನಾನು ತಡೆಯಲಾರದೆ, “ಅಲ್ಲಪ್ಪ, ಈ ಹುಡುಗಿ ಇವತ್ತು ಮೊದಲನೇ ಸಲ ಇಂಗ್ಲಿಷ್ ಮಾತಾಡಿದಾಳೆ. ನಿನ್ನ ಟ್ರಸ್ಟು ಇರೋದು ಇದಕ್ಕೇ ತಾನೆ?” ಎಂದೆ.

“ಮೇಡಂ, ದಟ್ ವಾಸ್ ಉರ್ದು. ಡೋನರ್ಸ್ ವಿಲ್ ವಾಚ್ ದಿಸ್” ಎಂದ. ಹುಡುಗಿಯನ್ನು ಕ್ಯಾಮೆರಾಕ್ಕೆ ಕಾಣದ ಮೂಲೆಗೆ ಕೂರಿಸಿದ. ಇನ್ನೊಬ್ಬನಿಗೆ ಬಾಯಿಪಾಠ ಮಾಡಿಸಿ ‘ಫಾದರ್ ಈಸ್ ರೀಡಿಂಗ್ ದ ನ್ಯೂಸ್‌ಪೇಪರ್’ ಎಂದು ಹೇಳಿಸಿದ. ಮೂರು ನಿಮಿಷ ತುಂಬಿತು. ಕಾರ್ಡು ವಾಪಸ್ ಕವರಿಗೆ, ಕವರು ಅಲ್ಮೇರಾಕ್ಕೆ.

ಅವನು ಹೋದ ಮೇಲೆ ಶಿಕ್ಷಕಿ ನನ್ನ ಹತ್ತಿರ ಬಂದಳು. “ನಂದು ತಪ್ಪಾತೇನ್ರಿ ಮೇಡಂ? ಆಕಿ ಯಾಕ ಹಂಗೆ ಮಾತಾಡಿದ್ಲೋ.”

“ಇವತ್ತು ಈ ಕೊಠಡಿಯಲ್ಲಿ ಇಂಗ್ಲಿಷ್ ಮಾತಾಡಿದ್ದು ಅವಳೊಬ್ಬಳೇ” ಎಂದೆ.

“ಅದನ್ನ ಆ ಸರ್‌ಗೆ ಹೇಳ್ರಿ. ಜೂನ್‌ನಾಗೆ ನನ್ನ ಕರ್ಸೋರು ನೀವಲ್ಲ” ಎಂದಳು.

ವಿಡಿಯೊ ಹಿಟ್ ಆಯಿತು. ಬೇಸಿಗೆಯ ತರಬೇತಿಯಲ್ಲಿ ಅದನ್ನೇ ಮಾದರಿ ಎಂದು ತೋರಿಸಿ ಅವಳಿಗೆ ಶಾಲು ಹೊದಿಸಿದರು. ಜೂನ್‌ನಲ್ಲಿ ಅವಳನ್ನೇ ಕರೆದರು. ಹಾಳಾಗಲಿ, ಅವಳ ಮನೆಯ ಒಲೆಯಾದರೂ ಉರಿಯಿತಲ್ಲ ಎಂದು ನಾನು ಮನಸಾರೆ ಸಂತೋಷಪಟ್ಟೆ.

ಶಾಲೆ ಶುರುವಾಗಿ ಸ್ವಲ್ಪ ದಿನದ ಮೇಲೆ ಹರಿಹರಕ್ಕೆ ಹೋದೆ. ವರಾಂಡದಲ್ಲಿ ಗಲಾಟೆ ಕೇಳಿಸಲಿಲ್ಲ. ಇವತ್ತು ರಜೆ ಕೊಟ್ಟಿರಬೇಕು ಎಂದುಕೊಂಡು ಬಾಗಿಲಲ್ಲಿ ಇಣುಕಿದೆ. ಎಲ್ಲ ಮಕ್ಕಳೂ ಇದ್ದರು, ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ಕೂತಿದ್ದರು. ಅವಳು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು, ಒಬ್ಬಳೇ.

ನನ್ನನ್ನು ಕಂಡು ಹೊರಗೆ ಬಂದಳು. ಮುಖದಲ್ಲಿ ಹಿಂದೆಂದೂ ಇಲ್ಲದ ಧೈರ್ಯವಿತ್ತು.

“ಮೊದ್ಲು ನಂಗೆ ತಿಳೀತಿರ್ಲಿಲ್ರಿ ಮೇಡಂ. ಉರ್ದುನಾಗೆ ಮನಿ ಮಾತು ಕೇಳಿ ಕೇಳಿ ಮಕ್ಳನ್ನ ಕೆಡಿಸ್ತಿದ್ದೆ” ಎಂದಳು. “ಈಗ ನೋಡ್ರಿ, ಒಬ್ರೂ ಬಾಯಿ ಬಿಡಂಗಿಲ್ಲ. ನಿಮ್ಮ ಬೆಂಬಲ ಇರ್ಲಿಲ್ಲಾಂದ್ರೆ ನಾನು ಹಂಗೇ ಉಳೀತಿದ್ದೆ.”