ಸೀ ಕಾಯಿಲೆ

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರ ನನ್ನದೊಂದು ಟೀ ಅಂಗಡಿ. ಒಮ್ಮೆ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ದೊಡ್ಡ ಕೆಲಸ ಮಾಡಿದವನಂತೆ ಬಂದಿದ್ದೆ. ಆಮೇಲೆ ಅವರೇ ಕರೆಸಿ ಒಂದು ರಿಪೋರ್ಟು ಕೈಗಿಟ್ಟರು. ನಾನು ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದೆ. ಹೆಪಟೈಟಿಸ್ ಸಿ.

ಲಿವರಿಗೆ ಬರುವ ಸೋಂಕು, ಯಾವ ಕಾಲದ ಯಾವ ಸೂಜಿಯಿಂದ ಬಂತೋ, ಮೂರು ತಿಂಗಳು ಮಾತ್ರೆ ನುಂಗಿದರೆ ಹೋಗುತ್ತದೆ ಎಂದರು ಡಾಕ್ಟರು. ಊಟದಿಂದ, ಗ್ಲಾಸಿನಿಂದ ಹರಡುವುದಿಲ್ಲ, ರಕ್ತದಿಂದ ಮಾತ್ರ ಎಂದೂ ಹೇಳಿದರು. ನಾನು ನಂಬಿದೆ. ನನ್ನ ಗಿರಾಕಿಗಳು ನಂಬಬೇಕಲ್ಲ.

ಆ ಸಂಜೆ ಹೆಂಡತಿ ಸೋಲೂರಿನ ತನ್ನ ತಾಯಿಗೆ ಫೋನಿನಲ್ಲಿ, "ಅದೇನೋ ಸಿ ಅಂತೆ ಕಣವ್ವಾ" ಎಂದಳು.

"ಸೀ ಕಾಯ್ಲೆನಾ? ಅದ್ಯಾರಿಗಿಲ್ಲ ಬುಡು."

ಸಿಹಿಗೆ ಸೀ ಅನ್ನುವುದು ನಮ್ಮ ಕಡೆಯ ಮಾತು. ಮಾರನೇ ದಿನ ನಮ್ಮತ್ತೆ ಒಂದು ಚೀಲ ಹಾಗಲಕಾಯಿ ಹೊತ್ತು ಬಸ್ಸಿಳಿದು ನೆಟ್ಟಗೆ ಅಂಗಡಿಗೇ ಬಂದರು. ಬೆಂಚಿನ ತುಂಬ ಕೂತಿದ್ದವರ ಎದುರಿಗೇ, "ಅಳಿಯಂದ್ರೇ, ಸಕ್ಕರೆ ಕಾಯ್ಲೆ ಬಂದ್ಮೇಲೆ ಬಾಯಿ ಕಟ್ಬೇಕು" ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ತೊಳೆದು ಕವುಚಿಟ್ಟ ಗ್ಲಾಸುಗಳು ಕಣ್ಣಿಗೆ ಬಿದ್ದವು. ಬಾಯಿ ಮುಚ್ಚಿದೆ.

ಅಲ್ಲಿಂದ ನನ್ನ ಬಾಳು ಸಪ್ಪೆಯಾಯಿತು. ಮಾಗಡಿಯ ಒಂದು ಮದುವೆಯಲ್ಲಿ ಪಾಯಸದ ಬಕೆಟ್ಟು ನನ್ನ ಎಲೆ ದಾಟಿ ಹೋಯಿತು. ಬಡಿಸುವವರ ತನಕ ಸುದ್ದಿ ಮುಟ್ಟಿತ್ತು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕರೂ ಹೊರಗಿನ ಟೆಸ್ಟಿಗೆ ಹೆಂಡತಿಯ ಚೀಟಿ ದುಡ್ಡು ಕರಗಿತು. ಸುಸ್ತಾಗಿ ನಾನು ಮಲಗಿದ ದಿನ ಅವಳೇ ಒಲೆ ಮುಂದೆ ನಿಂತಳು. ಅವಳ ಟೀ ನನ್ನದಕ್ಕಿಂತ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ನನಗೂ ಕೇಳುವ ಹಾಗೆ.

ಕೂಟಗಲ್ ಕಡೆಯಿಂದ ಲಗೇಜ್ ಆಟೋದಲ್ಲಿ ಗೂಡು ತರುವ ಅಣ್ಣನೊಬ್ಬ ದಿನಾ ಬರುತ್ತಾನೆ. ಅವನಿಗೆ ನಿಜವಾಗಿಯೂ ಶುಗರ್. ಆದರೂ ಎರಡು ಚಮಚ ಸಕ್ಕರೆ ಕೇಳುತ್ತಿದ್ದವನು, "ನೀನೇ ಬುಟ್ಟಿದ್ದೀಯ, ನಂಗೇನ್ಲಾ ದಾಡಿ" ಎಂದು ನನ್ನ ಜೊತೆ ಸಪ್ಪೆ ಟೀ ಹಿಡಿದಿದ್ದ.

ಒಂದು ಬೆಳಿಗ್ಗೆ ನನ್ನನ್ನೇ ದಿಟ್ಟಿಸಿ, "ಲೇ, ಮುಖದಾಗೆ ಒಸಿ ಕಳೆ ಬಂದೈತೆ ಕಣ್ಲಾ. ನನ್ ಮಾತ್ರೆ ಯಾಕೋ ನಾಟ್ತಿಲ್ಲ, ನಿಂದೇ ಎರಡು ತಗೋತೀನಿ" ಎಂದವನೇ ಗೋಡೆಯ ಗೂಡಿನಲ್ಲಿದ್ದ ನನ್ನ ಮಾತ್ರೆ ಡಬ್ಬಿಯ ಮುಚ್ಚಳ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ.

"ಬ್ಯಾಡಣ್ಣ. ಇದು ಶುಗರ್ ಮಾತ್ರೆ ಅಲ್ಲ. ಲಿವರ್‌ದು."

"ಕದ್ದು ಕುಡೀತಿದ್ದೇನ್ಲಾ?"

"ಒಂದು ತೊಟ್ಟೂ ಕುಡ್ದಿಲ್ಲ. ವೈರಸ್ಸು. ರಕ್ತದಾಗೈತೆ."

ಬೆಂಚಿನ ಮೇಲಿದ್ದ ಒಬ್ಬ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

"ಗ್ಲಾಸಿಂದ ಬತ್ತದಾ?" ಅಣ್ಣ ಕೇಳಿದ.

"ಬರಾಕಿಲ್ಲ ಅಂತ ಡಾಕ್ಟ್ರು ಹೇಳವ್ರೆ."

ಅವನು ತನ್ನ ಗ್ಲಾಸನ್ನು ಒಂದು ಗಳಿಗೆ ನೋಡಿದ. "ಹಂಗಾರೆ ಇಷ್ಟು ದಿನ ಈ ಕಲಗಚ್ಚು ಕುಡ್ದಿದ್ದು ಯಾರ್ ಸುಖಕ್ಲಾ?" ಎಂದ. ಉಳಿದಿದ್ದನ್ನು ಪೂರ್ತಿ ಕುಡಿದು, ಇನ್ನರ್ಧ ಕೇಳಿದ.

ಇಬ್ಬರು ಎದುರಿನ ಅಂಗಡಿ ಹಿಡಿದರು. ಒಬ್ಬ ಪೇಪರ್ ಕಪ್ಪಿನಲ್ಲಿ ಕೊಡು ಎಂದ. ವಾದ ಮಾಡದೆ ತಂದಿಟ್ಟೆ. ಮಿಕ್ಕವರು ಕೂತಲ್ಲೇ ಕೂತರು.

ಮಾತ್ರೆ ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಟೆಸ್ಟ್ ಮಾಡಿದರು. ರಕ್ತದಲ್ಲಿ ಏನೂ ಇರಲಿಲ್ಲ. ಈ ಸಲ ನಾನೇ ಬೆಂಚಿಗೆಲ್ಲ ಕೇಳುವಂತೆ ಹೇಳಿದೆ: "ಅಣ್ಣ, ಹೆಪಟೈಟಿಸ್ ಸಿ ಹೋಯ್ತು."

"ಅಷ್ಟುದ್ದದ ಹೆಸ್ರು ಯಾರ್ ನೆನಪಿಟ್ಕೊತಾರ್ಲಾ," ಎಂದ ಅಣ್ಣ. "ಹೋಯ್ತಲ್ಲ, ಬುಡು. ಟೀ ಹಾಕು."