ನನ್ನ ಮದುವೆ ದಿನ ಎಂಪಿ ಎಲ್ಲಿದ್ರು

ನನ್ನ ಮದುವೆ ಆಲ್ಬಮ್ಮಲ್ಲಿ ಒಂದು ಫೋಟೋ ಇದೆ. ಈ ಕಡೆ ನಾನು, ಆ ಕಡೆ ನನ್ನ ಗಂಡ, ಮಧ್ಯೆ ನಮ್ಮ ಎಂಪಿ. ಇಬ್ಬರ ಹೆಗಲ ಮೇಲೂ ಕೈ ಹಾಕಿ, ಅವರೇ ಮದುಮಗ ಅನ್ನೋ ಹಾಗೆ ನಗ್ತಿದಾರೆ. ಆ ಫೋಟೋ ಕಂಡ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ ಕೇಳಿ.

ತೊಂಬತ್ತರ ದಶಕ. ಜಾವಳಿ ಕಡೆ ತೋಟ ಇದ್ದ ನಮ್ಮ ದೊಡ್ಡಪ್ಪ ಆ ಎಂಪಿಯ ಬಲಗೈ. ಚುನಾವಣೆ ಬಂತು ಅಂದ್ರೆ ಎಸ್ಟೇಟ್ ಕೆಲಸ ಮೇಸ್ತ್ರಿ ತಲೆ ಮೇಲೆ ಹಾಕಿ ಜೀಪ್ ಹತ್ತಿಬಿಡೋರು. ಒಂದ್ಸಲ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿನ, ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ಹಳ್ಳ ದಾಟ್ಸಿ ಬೂತಿಗೆ ಹೊರಿಸ್ಕೊಂಡು ಹೋಗಿದ್ರು. 'ಒಂದು ಓಟು ಅಂದ್ರೆ ಒಂದು ಓಟು' ಅಂತ ಅದನ್ನ ವರ್ಷಗಟ್ಟಲೆ ಹೇಳ್ಕೊಂಡು ತಿರುಗಿದ್ರು.

ಎಂಪಿ ಎರಡು ಸಲ ಪಕ್ಷ ಬದಲಾಯಿಸಿದ್ರು. ಯಾರೂ ಕೇಳ್ಲಿಲ್ಲ. ನಮ್ಮ ಕಡೆ ಎಂಪಿ ಒಳ್ಳೆಯವ್ರೋ ಕೆಟ್ಟವ್ರೋ ಅಂತ ನೋಡೋಕೆ ಒಂದೇ ಅಳತೆ. ಮದುವೆಗೆ ಬಂದ್ರಾ, ಸಾವಿನ ಮನೆಗೆ ಬಂದ್ರಾ, ಅಷ್ಟೇ. ದೆಹಲಿಲಿ ಎಂತ ಮಾಡಿದ್ರು ಅಂತ ಕೇಳಿದ ಒಬ್ಬನೇ ಒಬ್ಬನನ್ನ ನಾನು ಕಂಡಿಲ್ಲ. ಎಂಪಿಗೂ ಅದು ಚೆನ್ನಾಗಿ ಗೊತ್ತಿತ್ತು. ಮದುವೆ ಕಾರ್ಡ್ ನೋಡ್ಕೊಳೋಕೆ ಅಂತಾನೇ ಒಬ್ಬನ್ನ ಇಟ್ಕೊಂಡಿದ್ರು.

ನನ್ನ ಮದುವೆ ಮೂಡಿಗೆರೆಲಿ, ಬೇಸಿಗೆಲಿ. ದೊಡ್ಡಪ್ಪ ಕಾರ್ಡ್ ಕೊಡುವಾಗ್ಲೇ 'ನೀವು ಬರದೆ ಧಾರೆ ಎರೆಯಲ್ಲ' ಅಂದುಬಿಟ್ಟಿದ್ರಂತೆ. ಆಗ ಸಂಸತ್ತಿನ ಅಧಿವೇಶನ ನಡೀತಿತ್ತು. ಎಂಪಿ ಮಂಗಳೂರಿಗೆ ವಿಮಾನದಲ್ಲಿ ಬಂದು, ಚಾರ್ಮಾಡಿ ಘಾಟಿ ಹತ್ತಿ ಬರೋ ಹೊತ್ತಿಗೆ ಮುಹೂರ್ತ ಮೀರ್ತಾ ಬಂದಿತ್ತು. ಭಟ್ಟರು ಗೊಣಗ್ತಾನೇ ಕಾದ್ರು. ಹಸೆಮಣೆ ಮೇಲೆ ಕೂತು ನನ್ನ ಕಾಲು ಜೋಮು ಹಿಡಿದಿತ್ತು. ಕಾರ್ ಬಂತು ಅಂದಿದ್ದೇ ತಡ, ಇಡೀ ಛತ್ರ ಎದ್ದು ನಿಂತಿತು. ದೊಡ್ಡಪ್ಪನ ಮುಖ ನೋಡ್ಬೇಕಿತ್ತು ನೀವು.

ಆಮೇಲೆ ಎಂಪಿ ಊಟಕ್ಕೆ ಕೂತಾಗ ನಮ್ಮ ಅತ್ತೆ ಹೋಗಿ ಕೈ ಮುಗಿದ್ಲು. ಅತ್ತೆ ಅಂದ್ರೆ ಅಪ್ಪ-ದೊಡ್ಡಪ್ಪನ ತಂಗಿ. ಕಳಸದ ಕಡೆ ಕಾಡಂಚಲ್ಲಿ ಒಂದೂವರೆ ಎಕರೆ ಕಾಫಿ ಅವಳದು. ಮಾವ ಸತ್ತ ಮೇಲೆ ಒಬ್ಬ ಮಗಳನ್ನ ಕಟ್ಕೊಂಡು ಅದರಲ್ಲೇ ಗೇದವಳು. ಜಾಗಕ್ಕೆ ಸರಿಯಾದ ಕಾಗದ ಇರ್ಲಿಲ್ಲ. ಕಾಡಂಚಿನವರನ್ನ ಎಬ್ಬಿಸೋ ಮಸೂದೆ ಒಂದು ಸಂಸತ್ತಿಗೆ ಬಂದಿತ್ತು. ಹಳೆ ಸಾಗುವಳಿಯವರನ್ನ ಬಿಟ್ಟುಬಿಡಿ ಅಂತ ಅದಕ್ಕೊಂದು ತಿದ್ದುಪಡಿ ಇತ್ತು. 'ನಮ್ಮ ಜಾಗ ಒಂದು ಉಳಿಸಿಕೊಡಿ' ಅಂದ್ಲು ಅತ್ತೆ. 'ನಾನಿದ್ದೀನಲ್ಲಮ್ಮ' ಅಂದ್ರು, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ.

ತಿದ್ದುಪಡಿ ಬಿದ್ದುಹೋಯ್ತು, ಮಸೂದೆ ಪಾಸಾಯ್ತು. ಆದ್ರೂ ಮಳೆ ಹಿಡಿಯೋ ಮುಂಚೆ ಎಂಪಿಗೆ ಸನ್ಮಾನ. ಮೈಕ್ ಹಿಡಿದು, 'ಸೋತರೂ ಪರವಾಗಿಲ್ಲ ಅಂತ ನಿಮ್ಮ ಪರವಾಗಿ ಮತ ಹಾಕಿ ಬಂದೆ' ಅಂದ್ರು. ಚಪ್ಪಾಳೆಯೋ ಚಪ್ಪಾಳೆ. ಅತ್ತೆ ಕಳಸದಿಂದ ಒಂದು ಬಾಟ್ಲಿ ಜೇನುತುಪ್ಪ ತಂದು ಕೊಟ್ಲು. ನಾನೂ ಚಪ್ಪಾಳೆ ಹೊಡೆದೆ.

ನಾಲ್ಕೈದು ವರ್ಷ ಕಳೀತು. ಅತ್ತೆಗೆ ಜಾಗ ಬಿಡಿ ಅಂತ ನೋಟಿಸ್ ಬಂತು. ನಾನಾಗ ಮೂಡಿಗೆರೆಲಿ ಒಬ್ಬ ವಕೀಲರ ಆಫೀಸಲ್ಲಿ ಟೈಪಿಂಗ್ ಮಾಡ್ತಿದ್ದೆ. ಅತ್ತೆ ಕೇಸು ಅವರೇ ತಗೊಂಡ್ರು. ಎಂಪಿ ನಮ್ಮ ಪರ ಮತ ಹಾಕಿದ್ದ ದಾಖಲೆ ತೋರಿಸಿ, ಅವರ ಕೈಲೇ ಸರ್ಕಾರಕ್ಕೆ ಒಂದು ಪತ್ರ ಬರೆಸೋಣ ಅಂದ್ರು. ಸಂಸತ್ತಲ್ಲಿ ಮಾಮೂಲಾಗಿ ಹೌದು, ಇಲ್ಲ ಅಂತ ಕೂಗಿ ಮುಗಿಸ್ತಾರಂತೆ, ಯಾರು ಏನಂದ್ರು ಅಂತ ಉಳಿಯಲ್ಲ. ಆವತ್ತು ಯಾರೋ ಪುಣ್ಯಾತ್ಮರು ಹಟ ಹಿಡಿದು ಒಬ್ಬೊಬ್ಬರ ಹೆಸರೂ ದಾಖಲಾಗೋ ಹಾಗೆ ಮಾಡಿದ್ರಂತೆ. ವಕೀಲರು ಬೆಂಗಳೂರಿಂದ ಆ ಹಾಳೆಗಳ ಜೆರಾಕ್ಸ್ ತರಿಸಿ, ಎಂಪಿ ಹೆಸರು ಹುಡುಕಿ ಗೀಟು ಹಾಕು ಅಂತ ನನ್ನ ಟೇಬಲ್ ಮೇಲಿಟ್ರು.

ಪರ ಹಾಕಿದವರ ಪಟ್ಟಿ ನೋಡಿದೆ, ಇಲ್ಲ. ಇನ್ನೊಂದ್ಸಲ ನೋಡಿದೆ. ವಿರುದ್ಧ ಹಾಕಿದವರಲ್ಲೂ ಇಲ್ಲ. ಎಲ್ಲೋ ಬಿಟ್ಟುಹೋಗಿದೆ ಅನ್ಕೊಂಡು ಮೊದಲ ಹಾಳೆಗೆ ಹೋದೆ. ಅಲ್ಲಿ ತಾರೀಕು ಇತ್ತು.

ನನ್ನ ಮದುವೆ ತಾರೀಕು.

ಅಂದ್ರೆ ಸನ್ಮಾನದಲ್ಲಿ ಚಪ್ಪಾಳೆ ಹೊಡೆದವರಲ್ಲಿ ಅರ್ಧ ಜನ ಆ ದಿನ ಅವರ ಪಂಕ್ತಿಲೇ ಕೂತು ಉಂಡವರು. ಎದುರು ಎಲೆ ಹಾಕ್ಕೊಂಡು ಕೂತಿದ್ದ ಮನುಷ್ಯ ಅದೇ ದಿನ ದೆಹಲಿಲಿ ಮತ ಹಾಕಿದೆ ಅಂತಾನೆ, ನಾವು ಚಪ್ಪಾಳೆ ಹೊಡೀತೀವಿ.

ಜೆರಾಕ್ಸನ್ನೂ ನನ್ನ ಲಗ್ನಪತ್ರಿಕೆಯನ್ನೂ ಒಯ್ದು ದೊಡ್ಡಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ಎರಡನ್ನೂ ನೋಡಿದ್ರು. ಎರಡನ್ನೂ ಮಡಚಿ ನನ್ನ ಕಡೆ ತಳ್ಳಿದ್ರು.

'ನಿನ್ನ ಮದುವೆಗೆ ಅಂತ ಅಷ್ಟು ದೂರದಿಂದ ಬಂದವರನ್ನ ಬಯ್ತೀಯಲ್ಲೇ ಮಾರಾಯ್ತಿ' ಅಂದ್ರು. 'ಅವರೊಬ್ಬರ ಓಟಿಂದ ಎಂತ ಆಗ್ತಿತ್ತು?'

'ಒಂದು ಓಟಿಂದ ಎಂತ ಆಗಲ್ಲ ಅಂದ್ರೆ ಆ ಅಜ್ಜಿನ ಯಾಕೆ ಹೊರಿಸಿದ್ರಿ ದೊಡ್ಡಪ್ಪ?'

ದೊಡ್ಡಪ್ಪ ಎದ್ದು ಕಾಫಿ ಒಣಗಿಸೋ ಕಣದ ಕಡೆ ಹೋದ್ರು. ಎಂಪಿ ಒಬ್ಬರು ಆವತ್ತು ದೆಹಲಿಲಿ ಇದ್ದಿದ್ರೂ ತಿದ್ದುಪಡಿ ಸೋಲೋದೇ ಇತ್ತು, ಒಪ್ಕೋತೀನಿ. ನಂಗೆ ಸಿಟ್ಟು ಸೋತಿದ್ದಕ್ಕಲ್ಲ.

ಪತ್ರದ ಆಸೆ ಅಲ್ಲಿಗೆ ಮುಗೀತು. ಕೇಸೂ ನಿಲ್ಲಲಿಲ್ಲ. ಅತ್ತೆ ಜಾಗ ಬಿಟ್ಟು ಕಳಸ ಪೇಟೆಲಿ ಒಂದು ಬಾಡಿಗೆ ಕೋಣೆಗೆ ಬಂದ್ಲು. ಬಿಡೋ ವರ್ಷ ಗಿಡದಲ್ಲಿ ಹಣ್ಣಾಗಿದ್ದ ಕಾಫಿ ಕುಯ್ಯೋಕೂ ಬಿಡ್ಲಿಲ್ಲ.

ಆಮೇಲೆ ಅವಳ ಮಗಳಿಗೆ ಮದುವೆ ನಿಶ್ಚಯ ಆಯ್ತು. ಅದೂ ಅಧಿವೇಶನದ ಹೊತ್ತಲ್ಲೇ. ಯಾರಿಗೂ ಹೇಳದೆ ಅತ್ತೆ ನನ್ನೊಬ್ಬಳನ್ನ ಕರ್ಕೊಂಡು, ಕುಂಕುಮದ ಭರಣಿ ಹಿಡ್ಕೊಂಡು ಚಿಕ್ಕಮಗಳೂರಿಗೆ ಎಂಪಿ ಮನೆಗೆ ಹೋದ್ಲು. ಅವರ ಹೆಂಡ್ತಿಗೆ ನನ್ನ ಕೈಲಿ ಕುಂಕುಮ ಕೊಡಿಸಿ, ಎಂಪಿ ಕೈಗೆ ಕಾರ್ಡ್ ಕೊಟ್ಲು.

'ಕಾರ್ಡ್ ಕೊಡೋದು ನಮ್ಮ ಪದ್ಧತಿ, ಕೊಟ್ಟಿದೀನಿ' ಅಂದ್ಲು. 'ಆದ್ರೆ ನೀವು ಬರಬೇಡಿ. ಆವತ್ತು ದೆಹಲಿಲಿ ನಿಮ್ಮ ಜಾಗದಲ್ಲಿ ಕೂತಿರಿ. ನನ್ನ ಮಗಳಿಗೆ ಅದೇ ಉಡುಗೊರೆ.'

ಎಂಪಿ ನಕ್ಕರು. ಅಮ್ಮನಿಗೆ ಮುನಿಸು ಬಂದಿದೆ, ಬಂದೇ ಬರ್ತೀನಿ ಅಂತ ಸಹಾಯಕನಿಗೆ ಬರ್ಕೊಳೋಕೆ ಹೇಳಿದ್ರು. ಕಾಫಿ ಕುಡಿದು ಹೋಗಿ ಅಂದ್ರು. ಅತ್ತೆ ಕುಡೀಲಿಲ್ಲ.

ಮದುವೆ ಕಳಸದಲ್ಲಿ. ಆ ದಿನ ಎಂಪಿ ಕಾರ್ ಬಾಳೆಹೊನ್ನೂರು ದಾಟಿದೆ ಅಂತ ಫೋನ್ ಬಂತು. ಭಟ್ಟರು ದೊಡ್ಡಪ್ಪನ ಮುಖ ನೋಡಿದ್ರು. ದೊಡ್ಡಪ್ಪ ಸ್ವಲ್ಪ ಕಾಯಿರಿ ಅಂತ ಕೈ ಎತ್ತುತ್ತಿದ್ರು.

ಅತ್ತೆ, 'ಎರೀರಿ' ಅಂದ್ಲು.

ಎರೆದ್ರು. ಎಂಪಿ ಬರೋ ಹೊತ್ತಿಗೆ ಧಾರೆ ಮುಗಿದಿತ್ತು. ಜನ ಮಾತ್ರ ಎದ್ದು ನಿಂತ್ರು, ಹಾಗೇ, ಅಭ್ಯಾಸಬಲ. ಫೋಟೋಕ್ಕೆ ಅಂತ ಮೇಲೆ ಹತ್ತಿದ್ರೆ ಹೆಣ್ಣು-ಗಂಡಿನ ಮಧ್ಯೆ ಅತ್ತೆ ನಿಂತಿದ್ಲು. ಒಂದಿಂಚೂ ಜರುಗ್ಲಿಲ್ಲ. ಎಂಪಿ ತುದೀಲಿ ನಿಂತ್ರು.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರ್ತಿತ್ತು, ನೀವೂ ಲೈಕ್ ಒತ್ತಿ ಮಲಗ್ತಿದ್ರಿ. ಆದ್ರೆ ಮುಂದಿನ ಚುನಾವಣೆಲಿ ಅವರು ಮತ್ತೆ ಗೆದ್ರು. ಅತ್ತೆಯ ಬೂತಲ್ಲೂ ಅವರಿಗೇ ಹೆಚ್ಚು ಓಟು. ಹೆಂಗೆ ಮಾರಾಯ ಅಂತ ಅಲ್ಲಿ ಪರಿಚಯದ ಅಂಗಡಿಯವನನ್ನ ಕೇಳಿದೆ.

'ಬರಬೇಡಿ ಅಂದ್ರೂ ಮದುವೆಗೆ ಬಂದ್ರಲ್ಲ' ಅಂದ. 'ಅಂಥವರು ಇನ್ನೆಲ್ಲಿ ಸಿಗ್ತಾರೆ?'